ನಿನ್ನೆಯ ಪುಟ ಎಲ್ಲಿ ಹೋಯಿತು?

ಮೂರು ವರ್ಷದ ಹಿಂದೆ ನಾವು ಐದು ಜನ ಸಂಶೋಧನಾ ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ಜಾಲತಾಣ ಮಾಡಿಕೊಂಡಿದ್ದೆವು. ಕ್ಷೇತ್ರಕಾರ್ಯದಲ್ಲಿ ಸಿಕ್ಕ ಬೀಸುವ ಪದ, ಸೋಬಾನೆ ಪದ, ಲಾವಣಿಗಳನ್ನು ಹಾಡಿದವರ ಬಾಯಲ್ಲಿ ಹೇಗೆ ಬಂದವೋ ಹಾಗೆಯೇ ಬರೆದು ಹಾಕಬೇಕು ಎಂಬುದಷ್ಟೇ ನಮ್ಮ ನಿಯಮ. ಒಂದು ದಿನ ನನ್ನ ಪ್ರಬಂಧದ ಅಧ್ಯಾಯವೊಂದಕ್ಕೆ ಬೇಕಾಗಿ ಒಬ್ಬ ಅಜ್ಜಿ ಹೇಳಿದ ಬೀಸುವ ಪದವನ್ನು ತೆರೆದೆ. ಓದುತ್ತಾ ಏನೋ ತಪ್ಪಿದೆ ಅನ್ನಿಸಿತು. ಅಜ್ಜಿ ‘ಹೋಗ್ಯಾನ’ ಅಂದಲ್ಲೆಲ್ಲ ‘ಹೋಗಿದ್ದಾನೆ’ ಎಂದಿತ್ತು. ‘ಕೊಟ್ಟಾಳ’ ಎಂಬುದು ‘ಕೊಟ್ಟಿದ್ದಾಳೆ’ ಆಗಿತ್ತು. ಹಾಡಿನ ನಡೆಯೇ ಮುರಿದುಹೋಗಿತ್ತು. ಉಳಿದ ಪದಗಳನ್ನು ತೆರೆದರೆ ಅಲ್ಲೂ ಅದೇ ಕತೆ.

ಇದನ್ನು ಯಾರು ಮಾಡಿದರು ಎಂದು ವಿಚಾರಿಸುತ್ತಾ ಹೋದಾಗ ತಿಳಿಯಿತು, ಮಾಡಿದ್ದು ನಾನೇ. ಎಂಟು ತಿಂಗಳ ಹಿಂದೆ ಪ್ರಸ್ತಾವನೆಗಳಲ್ಲಿದ್ದ ಕಾಗುಣಿತದ ತಪ್ಪು ತಿದ್ದಲು ಕೂತಿದ್ದೆ. ಹುಡುಕಿ ಬದಲಿಸುವ ಆದೇಶವನ್ನು ಒಂದು ಫೋಲ್ಡರಿಗೆ ಕೊಡುವ ಬದಲು ಇಡೀ ತಾಣಕ್ಕೆ ಕೊಟ್ಟಿದ್ದೆ. ಬ್ಯಾಕಪ್ ಇರಲಿಲ್ಲವೇ ಎಂದರೆ, ಇತ್ತು. ನಾವು ಬಾಡಿಗೆಗೆ ಪಡೆದಿದ್ದ ಸರ್ವರಿನಲ್ಲಿ ದಿನಕ್ಕೊಂದು ಪ್ರತಿ ತೆಗೆದಿಡುವ ವ್ಯವಸ್ಥೆ ಇತ್ತು; ಏಳು ದಿನ ಕಳೆದ ಪ್ರತಿ ತಾನಾಗಿ ಅಳಿಯುತ್ತಿತ್ತು. ಹಾಗಾಗಿ ನಮ್ಮ ಬಳಿ ಏಳು ಪ್ರತಿಗಳಿದ್ದವು, ಏಳರಲ್ಲೂ ‘ಹೋಗಿದ್ದಾನೆ’ ಎಂದೇ ಇತ್ತು. ಕೆಟ್ಟ ಪಾಠವನ್ನು ಬ್ಯಾಕಪ್ ಅಷ್ಟು ನಿಷ್ಠೆಯಿಂದ ಕಾಪಾಡಿತ್ತು. ಅಜ್ಜಿ ತೀರಿಕೊಂಡು ಅಷ್ಟರಲ್ಲಿ ಒಂದು ವರ್ಷವಾಗಿತ್ತು.

‘ಈಗ ಇರುವುದು ಕಳೆದುಹೋದರೆ?’ ಎಂಬ ಭಯಕ್ಕೆ ಬ್ಯಾಕಪ್ ಮದ್ದು. ‘ಈಗ ಇರುವುದೇ ತಪ್ಪಾಗಿದ್ದರೆ?’ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಈ ಎರಡನೆಯ ಪ್ರಶ್ನೆಗೆ ಕಂಪ್ಯೂಟರ್ ಲೋಕ ಐವತ್ತು ವರ್ಷಗಳಿಂದ ಉತ್ತರ ಹುಡುಕುತ್ತಾ ಬಂದಿದೆ. ಅದರ ಹೆಸರು ವರ್ಷನ್ ಕಂಟ್ರೋಲ್, ಅಂದರೆ ಆವೃತ್ತಿಗಳ ಲೆಕ್ಕ ಇಡುವ ವಿದ್ಯೆ. ತಂತ್ರಜ್ಞರ ಕೆಲಸದ ಮನೆಯಲ್ಲಿ ಹುಟ್ಟಿದ ಈ ವಿದ್ಯೆಯ ಚರಿತ್ರೆ ಪಠ್ಯಗಳ ಜೊತೆ ಬದುಕುವ ನಮಗೂ ಸಂಬಂಧಪಟ್ಟಿದ್ದು ಎಂದು ನನಗೆ ಮನವರಿಕೆಯಾದದ್ದು ಆ ಪೆಟ್ಟು ತಿಂದ ಮೇಲೆ.

ಮೊದಲು ಜಾಲತಾಣಗಳಿಂದಲೇ ಶುರುಮಾಡೋಣ. ಜಗತ್ತಿನ ಮೊದಲ ಜಾಲತಾಣವನ್ನು ಟಿಮ್ ಬರ್ನರ್ಸ್-ಲೀ ಕಟ್ಟಿದ್ದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, 1990ರ ಕೊನೆಯಲ್ಲಿ, ಒಂದು ನೆಕ್ಸ್ಟ್ ಕಂಪ್ಯೂಟರಿನ ಮೇಲೆ. ಆ ತಾಣದ ಮೊಟ್ಟಮೊದಲ ಪುಟ ಹೇಗಿತ್ತು ಎಂದು ತೋರಿಸುವ ಚಿತ್ರ ಸರ್ನ್ ಬಳಿಯೂ ಇಲ್ಲ. ಬೆಂಕಿಯೋ ಕಳವೋ ಕಾರಣವಲ್ಲ. ಪುಟವನ್ನು ದಿನವೂ ತಿದ್ದುತ್ತಿದ್ದರು. ಇಂದಿನ ಫೈಲು ನಿನ್ನೆಯದರ ಮೇಲೆ ಕೂತುಕೊಳ್ಳುತ್ತಿತ್ತು. 2013ರಲ್ಲಿ ಸರ್ನ್ ತನ್ನ ಹಳೆಯ ತಾಣವನ್ನು ಮತ್ತೆ ನಿಲ್ಲಿಸಲು ಹೊರಟಾಗ ಕೈಗೆ ಸಿಕ್ಕಿದ್ದು 1992ರ ಪ್ರತಿ. ಆ ಸುದ್ದಿ ಹರಡಿದ ಮೇಲೆ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಪಾಲ್ ಜೋನ್ಸ್ ತಮ್ಮಲ್ಲಿ 1991ರ ಪ್ರತಿಯೊಂದಿದೆ ಎಂದರು. ಆ ವರ್ಷ ಬರ್ನರ್ಸ್-ಲೀ ಅಮೆರಿಕಕ್ಕೆ ಬಂದಿದ್ದಾಗ ಅವರಿಂದ ಪಡೆದದ್ದು ಅದು. ಹುಟ್ಟಿದ ಮನೆಯಲ್ಲಿ ಉಳಿಯದ ಪಾಠ ದೂರದ ಗೆಳೆಯನ ಮನೆಯಲ್ಲಿ ಉಳಿದಿತ್ತು. ಹಸ್ತಪ್ರತಿಗಳನ್ನು ಹುಡುಕಿಕೊಂಡು ಊರೂರು ಅಲೆದವರಿಗೆ ಇದು ಪರಿಚಿತ ಅನುಭವ.

ಸೋಜಿಗವೆಂದರೆ, ಮೊದಲ ಜಾಲಪುಟ ಹುಟ್ಟುವ ಹೊತ್ತಿಗೆ ‘ನಿನ್ನೆಯದನ್ನು ಅಳಿಸದೆ ಇಂದಿನದನ್ನು ಬರೆಯುವ’ ತಂತ್ರಕ್ಕೆ ಆಗಲೇ ಹದಿನೆಂಟು ವರ್ಷ ವಯಸ್ಸಾಗಿತ್ತು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬ ಎಂಜಿನಿಯರ್ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ಬರೆದರು. ಒಂದು ಪ್ರೋಗ್ರಾಮಿನ ಹತ್ತು ಆವೃತ್ತಿಗಳಿದ್ದರೆ ಹತ್ತು ಪೂರ್ತಿ ಪ್ರತಿಗಳನ್ನು ಇಡುವಷ್ಟು ಜಾಗ ಅಂದಿನ ಡಿಸ್ಕುಗಳಲ್ಲಿ ಇರಲಿಲ್ಲ. ಆದ್ದರಿಂದ ಬದಲಾದ ಸಾಲುಗಳನ್ನು ಮಾತ್ರ ಇಡುವುದು, ಯಾವ ಸಾಲು ಯಾವ ಆವೃತ್ತಿಯಲ್ಲಿ ಸೇರಿತು, ಯಾವುದರಲ್ಲಿ ಹೋಯಿತು ಎಂಬ ಗುರುತನ್ನು ಅದರ ಜೊತೆಗೇ ಹೆಣೆಯುವುದು ಅವರ ಉಪಾಯ. ಬದಲಾಯಿಸಿದವರು ಯಾರು, ಯಾವಾಗ, ಯಾಕೆ ಎಂಬುದೂ ದಾಖಲಾಗುತ್ತಿತ್ತು. ಅದೇ ಬೆಲ್ ಲ್ಯಾಬ್ಸ್‌ನಲ್ಲಿ, ಅದೇ ಕಾಲದಲ್ಲಿ, ಎರಡು ಫೈಲುಗಳನ್ನು ಸಾಲು ಸಾಲಾಗಿ ಹೋಲಿಸಿ ವ್ಯತ್ಯಾಸ ಹೇಳುವ ‘ಡಿಫ್’ ಎಂಬ ಪ್ರೋಗ್ರಾಮನ್ನು ಡಗ್ಲಸ್ ಮೆಕಿಲ್‌ರಾಯ್ ಸಿದ್ಧಪಡಿಸಿದರು. ಪಾಠಾಂತರ ಗುರುತಿಸುವ ಕೆಲಸ ಯಂತ್ರದ ಕೈಗೆ ಬಂತು.

ಹತ್ತು ವರ್ಷದ ನಂತರ, 1982ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಆರ್‌ಸಿಎಸ್ ತಂದರು. ಅವರ ಯೋಚನೆಯ ದಿಕ್ಕೇ ಬೇರೆ. ನಮಗೆ ಹೆಚ್ಚಾಗಿ ಬೇಕಾಗುವುದು ಇತ್ತೀಚಿನ ಆವೃತ್ತಿ. ಆದ್ದರಿಂದ ಅದನ್ನೇ ಪೂರ್ತಿಯಾಗಿ ಇಡೋಣ, ಹಿಂದಿನವುಗಳಿಗೆ ಹೋಗಲು ‘ಇದನ್ನು ತೆಗೆದು ಅದನ್ನು ಹಾಕು’ ಎಂಬ ಹಿಮ್ಮುಖ ಸೂಚನೆಗಳನ್ನಷ್ಟೇ ಇಡೋಣ ಎಂದರು. ಇಂದಿನಿಂದ ಹೊರಟು ಒಂದೊಂದೇ ಮೆಟ್ಟಿಲಿಳಿದು ನಿನ್ನೆಗೆ, ಮೊನ್ನೆಗೆ ಹೋಗುವ ದಾರಿ ಅದು. ಆದರೆ ಇಲ್ಲಿ ಒಂದು ತೊಡಕಿತ್ತು. ಒಬ್ಬರು ಫೈಲು ತಿದ್ದಲು ತೆಗೆದುಕೊಂಡರೆ ಸಾಮಾನ್ಯವಾಗಿ ಅದಕ್ಕೆ ಬೀಗ. ಗ್ರಂಥಾಲಯದಲ್ಲಿ ಒಂದೇ ಪ್ರತಿ ಇರುವ ಪುಸ್ತಕದ ಹಾಗೆ, ಅವರು ಹಿಂತಿರುಗಿಸುವವರೆಗೆ ಉಳಿದವರು ಕಾಯಬೇಕು.

ಈ ಕಾಯುವಿಕೆ ಸಾಕಾಗಿ ಹುಟ್ಟಿದ್ದು ಸಿವಿಎಸ್. ಆಮ್‌ಸ್ಟರ್‌ಡಾಮಿನ ವ್ರೈಯೆ ವಿಶ್ವವಿದ್ಯಾಲಯದ ಡಿಕ್ ಗ್ರೂನ ತಮ್ಮ ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಕಂಪೈಲರ್ ಬರೆಯುತ್ತಿದ್ದರು. ಒಬ್ಬರ ಸಮಯಕ್ಕೆ ಇನ್ನೊಬ್ಬರ ಸಮಯ ಹೊಂದುತ್ತಿರಲಿಲ್ಲ. ಬೀಗ ಹಾಕಿಕೊಂಡವರು ಮನೆಗೆ ಹೋಗಿಬಿಟ್ಟರೆ ಉಳಿದವರ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಎಲ್ಲರೂ ಏಕಕಾಲಕ್ಕೆ ತಿದ್ದಲಿ, ಆಮೇಲೆ ಯಂತ್ರವೇ ತಿದ್ದುಪಡಿಗಳನ್ನು ಕೂಡಿಸಲಿ, ಇಬ್ಬರೂ ಒಂದೇ ಸಾಲಿಗೆ ಕೈಹಾಕಿದ್ದರೆ ಮಾತ್ರ ಮನುಷ್ಯರನ್ನು ಕೇಳಲಿ ಎಂಬ ವ್ಯವಸ್ಥೆಯನ್ನು ಅವರು ರೂಪಿಸಿ 1986ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಇಂಟರ್ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ನೋಡದ ನೂರಾರು ಜನ ಸೇರಿ ಒಂದೇ ತಂತ್ರಾಂಶ ಬರೆಯುವುದು ಸಾಧ್ಯವಾದದ್ದರಲ್ಲಿ ಈ ಸಿವಿಎಸ್‌ನ ಪಾಲು ದೊಡ್ಡದು. ಅದರ ಕುಂದುಗಳನ್ನು ನೀಗಲು 2000ದಲ್ಲಿ ಸಬ್‌ವರ್ಷನ್ ಯೋಜನೆ ಶುರುವಾಯಿತು. ಹತ್ತು ಫೈಲುಗಳ ತಿದ್ದುಪಡಿ ಒಟ್ಟಿಗೆ ಸೇರಬೇಕು, ಇಲ್ಲವೇ ಒಂದೂ ಸೇರಬಾರದು ಎಂಬ ಶಿಸ್ತು ಅದರದು. ಜಾಲತಾಣಕ್ಕೆ ಇದು ತುಂಬ ಮುಖ್ಯ. ಅರ್ಧ ಹೊಸದು ಅರ್ಧ ಹಳೆಯದಾದ ತಾಣ ಎಷ್ಟೋ ಸಲ ತೆರೆಯುವುದೇ ಇಲ್ಲ. ಇಷ್ಟಾದರೂ ಈ ಎರಡು ವ್ಯವಸ್ಥೆಗಳಲ್ಲೂ ಪೂರ್ತಿ ಚರಿತ್ರೆ ಇರುತ್ತಿದ್ದದ್ದು ನಡುವಿನ ಒಂದು ಸರ್ವರಿನಲ್ಲಿ. ಅದು ಹೋದರೆ ಎಲ್ಲರ ಕೈಯಲ್ಲೂ ಉಳಿಯುವುದು ಇಂದಿನ ಪ್ರತಿ ಮಾತ್ರ.

ಇದೇ ಕಾಲದಲ್ಲಿ ಓದುಗರೇ ಪುಟ ತಿದ್ದಬಹುದಾದ ತಾಣಗಳು ಬಂದವು. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದರು. 2001ರ ಜನವರಿ 15ರಂದು ವಿಕಿಪೀಡಿಯ ಶುರುವಾಯಿತು. ಇಂದು ಕನ್ನಡ ವಿಕಿಪೀಡಿಯದ ಯಾವುದೇ ಲೇಖನ ತೆರೆದರೂ ಅದರ ಇತಿಹಾಸ ನೋಡಲು ಒಂದು ಕೊಂಡಿ ಇರುತ್ತದೆ. ಒತ್ತಿದರೆ ಮೊದಲ ಸಾಲು ಬರೆದವರಿಂದ ಹಿಡಿದು ನಿನ್ನೆ ಅಲ್ಪವಿರಾಮ ತೆಗೆದವರವರೆಗೆ ಪಟ್ಟಿ ಸಿಗುತ್ತದೆ. ಯಾರೋ ಕಿಡಿಗೇಡಿ ಲೇಖನ ಅಳಿಸಿದರೆ ಒಂದು ಕ್ಲಿಕ್ಕಿನಲ್ಲಿ ಹಿಂದಿನದನ್ನು ತರಬಹುದು. ಎಲ್ಲರಿಗೂ ತಿದ್ದುವ ಹಕ್ಕು ಕೊಡುವ ಧೈರ್ಯ ವಿಕಿಪೀಡಿಯಕ್ಕೆ ಬಂದದ್ದೇ ಎಲ್ಲವನ್ನೂ ಮರಳಿಸಬಹುದು ಎಂಬ ಭರವಸೆಯಿಂದ. ಆದರೆ ಆ ವಿಕಿಪೀಡಿಯವೂ ತನ್ನ ಬಾಲ್ಯವನ್ನು ಕಳೆದುಕೊಂಡಿತ್ತು. ಮೊದಲು ಬಳಸಿದ ತಂತ್ರಾಂಶ ಹಳೆಯ ಆವೃತ್ತಿಗಳನ್ನು ಕೆಲವು ದಿನಗಳ ನಂತರ ತಾನೇ ಗುಡಿಸಿ ಹಾಕುತ್ತಿತ್ತು, ನಮ್ಮ ಏಳು ದಿನದ ಬ್ಯಾಕಪ್ಪಿನ ಹಾಗೆ. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞ 2001ರ ಹಳೆಯ ಬ್ಯಾಕಪ್ ಫೈಲುಗಳನ್ನು ಪತ್ತೆಹಚ್ಚಿದಾಗಲೇ ಮೊದಲ ತಿಂಗಳುಗಳ ತಿದ್ದುಪಡಿಗಳು ಮತ್ತೆ ಬೆಳಕು ಕಂಡದ್ದು. ಮರೆತುಹೋಗಿದ್ದರಿಂದಲೇ ಯಾರೂ ಅಳಿಸದೆ ಉಳಿದ ಫೈಲುಗಳು ಅವು.

ಇನ್ನು ಗಿಟ್. ಲಿನಕ್ಸ್ ಕರ್ನಲ್ ಬರೆಯುವವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. 2005ರಲ್ಲಿ ಒಂದು ಜಗಳವಾಗಿ ಆ ಪುಕ್ಕಟೆ ಬಳಕೆ ನಿಂತುಹೋಯಿತು. ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ ಮೊದಲ ವಾರದಲ್ಲಿ ತಾವೇ ಹೊಸದೊಂದನ್ನು ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್ ತನ್ನ ಚರಿತ್ರೆಯನ್ನು ತಾನೇ ದಾಖಲಿಸಿಕೊಳ್ಳುವಷ್ಟು ಬೆಳೆಯಿತು. ಅದೇ ವರ್ಷದ ಜುಲೈನಲ್ಲಿ ಅದರ ಹೊಣೆಯನ್ನು ಅವರು ಜಪಾನಿನ ಜುನಿಯೊ ಹಮಾನೊ ಅವರಿಗೆ ವಹಿಸಿದರು.

ಗಿಟ್‌ನ ಎರಡು ಗುಣಗಳು ನಮ್ಮ ಕತೆಗೆ ಮುಖ್ಯ. ಒಂದು, ಕ್ಲೋನ್. ನೀವು ಒಂದು ಯೋಜನೆಯನ್ನು ಕ್ಲೋನ್ ಮಾಡಿಕೊಂಡರೆ ಇಂದಿನ ಫೈಲುಗಳ ಜೊತೆಗೆ ಮೊದಲ ದಿನದಿಂದ ನಡೆದ ಪೂರ್ತಿ ಚರಿತ್ರೆಯೂ ನಿಮ್ಮ ಲ್ಯಾಪ್‌ಟಾಪಿಗೆ ಬರುತ್ತದೆ. ನಡುವಿನ ಸರ್ವರ್ ಸುಟ್ಟುಹೋದರೂ ಯಾವುದೋ ಊರಿನ ವಿದ್ಯಾರ್ಥಿಯ ಕಂಪ್ಯೂಟರಿನಿಂದ ಅದನ್ನು ಮತ್ತೆ ಕಟ್ಟಬಹುದು. ಎರಡು, ಮುದ್ರೆ. ಪ್ರತಿಯೊಂದು ಕಮಿಟ್‌ಗೂ, ಅಂದರೆ ದಾಖಲಾದ ಪ್ರತಿ ಹೆಜ್ಜೆಗೂ, ಅದರ ಒಳಗಿನ ಹೂರಣದಿಂದಲೇ ಲೆಕ್ಕ ಹಾಕಿದ ನಲವತ್ತು ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಪ್ರತಿ ಹೆಜ್ಜೆಯೂ ತನ್ನ ಹಿಂದಿನ ಹೆಜ್ಜೆಯ ಗುರುತನ್ನು ಹೊತ್ತಿರುತ್ತದೆ. ಹಳೆಯದರಲ್ಲಿ ಒಂದು ಅಕ್ಷರ ಬದಲಿಸಿದರೂ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗಿ ಗುಟ್ಟು ರಟ್ಟಾಗುತ್ತದೆ. 2017ರಲ್ಲಿ ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಮತ್ತು ಗೂಗಲ್‌ನ ಸಂಶೋಧಕರು ಬೇರೆ ಬೇರೆ ಎರಡು ಫೈಲುಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಿ ತೋರಿಸಿದರು. ಅಂಥ ಮೋಸವನ್ನು ಗುರುತಿಸುವ ಪರೀಕ್ಷೆ ಆಮೇಲೆ ಗಿಟ್‌ನಲ್ಲಿ ಸೇರಿತು.

ಈ ದಾಖಲೆಯ ಬೆಲೆ 2021ರ ಮಾರ್ಚಿನಲ್ಲಿ ಕಂಡಿತು. ಜಗತ್ತಿನ ಎಷ್ಟೋ ಜಾಲತಾಣಗಳು ಓಡುವುದು ಪಿಎಚ್‌ಪಿ ಭಾಷೆಯ ಮೇಲೆ. ಅದರ ಗಿಟ್ ಭಂಡಾರಕ್ಕೆ ಯಾರೋ ಎರಡು ವಿಷದ ತಿದ್ದುಪಡಿಗಳನ್ನು ಸೇರಿಸಿದ್ದರು, ಅದೂ ಆ ಭಾಷೆಯ ಹಿರಿಯರ ಹೆಸರಿನಲ್ಲಿ, ಕಾಗುಣಿತ ತಿದ್ದಿದ್ದೇವೆ ಎಂಬ ನೆಪದಲ್ಲಿ. ಪ್ರತಿ ಬದಲಾವಣೆಯೂ ಎಲ್ಲರ ಕಣ್ಣಿಗೆ ಬೀಳುವ ವ್ಯವಸ್ಥೆ ಇದ್ದುದರಿಂದ ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು, ಹಿಂದೆ ತೆಗೆಯಲಾಯಿತು. ‘ಕಾಗುಣಿತ ತಿದ್ದುಪಡಿ’ ಎಂಬ ಮಾತು ಓದಿದಾಗ ನನಗೆ ನನ್ನದೇ ನೆನಪಾಯಿತು. ನನ್ನ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ನೋಡುವ ಕಣ್ಣಿರಲಿಲ್ಲ.

ಹಾಗಾದರೆ ಗಿಟ್ ಇದ್ದರೆ ಎಲ್ಲ ಕ್ಷೇಮವೇ? ಹಾಗೆ ನಂಬಿದವರು ಪೆಟ್ಟು ತಿನ್ನುತ್ತಿದ್ದ ಗಳಿಗೆಯೊಂದು 2013ರ ಮಾರ್ಚಿನಲ್ಲಿ ಬಂತು. ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಸಮುದಾಯದ ಸುಮಾರು 1500 ಗಿಟ್ ಭಂಡಾರಗಳು ಒಂದು ಮುಖ್ಯ ಸರ್ವರಿನಲ್ಲಿದ್ದವು. ಬೇರೆ ಬೇರೆ ಕಡೆ ಅದರ ಕನ್ನಡಿ ಪ್ರತಿಗಳಿದ್ದವು, ಅಂದರೆ ಮುಖ್ಯ ಸರ್ವರನ್ನು ಆಗಾಗ ನೋಡಿ ತಾವೂ ಹಾಗೆಯೇ ಆಗುವ ಯಂತ್ರಗಳು. ಇಷ್ಟು ಕನ್ನಡಿಗಳಿರುವಾಗ ಬೇರೆ ಬ್ಯಾಕಪ್ ಏಕೆ ಎಂಬ ಭಾವನೆಯಿತ್ತು. ಒಂದು ದಿನ ಭದ್ರತೆಯ ಸುಧಾರಣೆಗೆಂದು ಮುಖ್ಯ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಅದರ ಫೈಲು ವ್ಯವಸ್ಥೆ ಕೆಟ್ಟಿರುವುದು ಗೊತ್ತಾಯಿತು. ಅಷ್ಟರಲ್ಲಿ ಕನ್ನಡಿಗಳು ತಮ್ಮ ಕೆಲಸ ಮಾಡಿ ಮುಗಿಸಿದ್ದವು. ಮೂಲ ಕೆಟ್ಟಂತೆ ತಾವೂ ಕೆಟ್ಟಿದ್ದವು. ಒಂದೇ ಒಂದು ಯಂತ್ರದಲ್ಲಿ ಮಾತ್ರ ಕೆಡದ ಪ್ರತಿ ಉಳಿದಿತ್ತು, ಅದೂ ಅದೃಷ್ಟದಿಂದ. ಅದರಿಂದ ಎಲ್ಲವನ್ನೂ ಮರಳಿ ಕಟ್ಟಿದರು. ಕನ್ನಡಿಗೆ ಇಂದಿನ ಮುಖ ಮಾತ್ರ ಗೊತ್ತು, ಆ ಮುಖಕ್ಕೆ ಮಸಿ ಹತ್ತಿದ್ದರೆ ಮಸಿಯನ್ನೇ ತೋರಿಸುತ್ತದೆ.

ಇನ್ನೊಂದು ಪಾಠ 2017ರ ಜನವರಿ 31ರದು. ಗಿಟ್ ಭಂಡಾರಗಳನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ತಾಣದಲ್ಲಿ ರಾತ್ರಿ ದಣಿದಿದ್ದ ಎಂಜಿನಿಯರೊಬ್ಬರು ಅಳಿಸಬೇಕಾದ ಸರ್ವರಿನ ಬದಲು ಮುಖ್ಯ ಡೇಟಾಬೇಸ್ ಸರ್ವರಿನ ಫೋಲ್ಡರನ್ನು ಅಳಿಸಿಬಿಟ್ಟರು. ಬ್ಯಾಕಪ್ ತೆಗೆಯುವ ಹಲವು ಏರ್ಪಾಡುಗಳಿದ್ದವು. ತೆರೆದು ನೋಡಿದರೆ ನಿತ್ಯದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ತಂತ್ರಾಂಶದ ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು, ಯಾರಿಗೂ ತಿಳಿದಿರಲಿಲ್ಲ. ಪರೀಕ್ಷೆಗೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಗಿಟ್ ಭಂಡಾರಗಳಿಗೆ ಏನೂ ಆಗಿರಲಿಲ್ಲ. ಡೇಟಾಬೇಸಿನಲ್ಲಿದ್ದ ಆ ಆರು ಗಂಟೆಗಳ ಚರ್ಚೆ, ಟಿಪ್ಪಣಿಗಳು ಹೋದವು. ಆ ಸಂಸ್ಥೆ ಮುಚ್ಚಿಡದೆ ತನ್ನ ತಪ್ಪನ್ನೂ ದುರಸ್ತಿಯನ್ನೂ ಎಲ್ಲರೆದುರು ಬಿಚ್ಚಿಟ್ಟಿತು. ಹಾಗಾಗಿಯೇ ನಾವು ಇಂದು ಅದರಿಂದ ಕಲಿಯಬಹುದು.

ಈ ಘಟನೆ ಜಾಲತಾಣ ನಡೆಸುವವರಿಗೆ ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತದೆ. ತಾಣವೆಂದರೆ ಫೈಲುಗಳಷ್ಟೇ ಅಲ್ಲ. ಪುಟಗಳ ವಿನ್ಯಾಸ, ಪ್ರೋಗ್ರಾಮು, ಸಾದಾ ಪಠ್ಯದಲ್ಲಿರುವ ಬರಹಗಳನ್ನು ಗಿಟ್ ಸೊಗಸಾಗಿ ನೋಡಿಕೊಳ್ಳುತ್ತದೆ. ಬರಹಗಳು ಡೇಟಾಬೇಸಿನಲ್ಲಿದ್ದರೆ ಅದರ ಪ್ರತಿಯನ್ನು ಬೇರೆಯಾಗಿ ತೆಗೆಯಬೇಕು. ದೊಡ್ಡ ಧ್ವನಿಮುದ್ರಣ, ವಿಡಿಯೊಗಳನ್ನು ಸೇರಿಸಿದರೆ ಭಂಡಾರ ಊದಿಕೊಳ್ಳುತ್ತದೆ. ಅವಕ್ಕೆ ಬೇರೆ ಜಾಗ ಬೇಕು. ಪಾಸ್‌ವರ್ಡ್ ಇರುವ ಫೈಲನ್ನು ಒಮ್ಮೆ ಸೇರಿಸಿ ಆಮೇಲೆ ಅಳಿಸಿದರೆ ಪ್ರಯೋಜನವಿಲ್ಲ, ಅದು ಚರಿತ್ರೆಯಲ್ಲಿ ಕೂತಿರುತ್ತದೆ. ತಪ್ಪನ್ನು ಸರಿಪಡಿಸಲೂ ಗಿಟ್‌ನಲ್ಲಿ ಎರಡು ದಾರಿಗಳಿವೆ. ‘ರಿವರ್ಟ್’ ಎಂದರೆ ತಪ್ಪನ್ನೂ ಉಳಿಸಿ, ಅದನ್ನು ಹಿಂದೆ ತೆಗೆದ ಸಂಗತಿಯನ್ನು ಹೊಸ ಹೆಜ್ಜೆಯಾಗಿ ಬರೆಯುವುದು. ‘ರೀಸೆಟ್’ ಎಂದರೆ ಆ ಹೆಜ್ಜೆ ಇಟ್ಟೇ ಇರಲಿಲ್ಲ ಎಂಬಂತೆ ಹಿಂದಕ್ಕೆ ಸರಿದು ನಿಲ್ಲುವುದು. ಹಲವರು ಸೇರಿ ನಡೆಸುವ ತಾಣದಲ್ಲಿ ಮೊದಲನೆಯದೇ ಸರಿ ಎಂದು ಅನುಭವಸ್ಥರು ಹೇಳುತ್ತಾರೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೂ ಹಾಗೆಯೇ ಅನ್ನಿಸುತ್ತದೆ.

ಹಳಗನ್ನಡದ ತರಗತಿಗಳಲ್ಲಿ ನಾವು ಓದಿದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು ಎಂಬುದು ಪ್ರಸಿದ್ಧ. ಶಾಂತಿಪುರಾಣ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ದೂರ ದೂರದಲ್ಲಿರುವ ಪ್ರತಿಗಳ ಬೆಲೆ ಅತ್ತಿಮಬ್ಬೆಗೆ ಗೊತ್ತಿತ್ತು. ಆದರೆ ಪ್ರತಿಗಳು ಎಷ್ಟೇ ಇದ್ದರೂ ಅವುಗಳ ನಡುವಿನ ವ್ಯತ್ಯಾಸದ ಲೆಕ್ಕ ಯಾರೂ ಇಟ್ಟಿರಲಿಲ್ಲ. ಲಿಪಿಕಾರ ಒಂದು ಪದವನ್ನು ಬದಲಿಸಿದರೆ, ಅದು ಕೈತಪ್ಪೋ, ತನಗೆ ತಿಳಿಯದ್ದನ್ನು ತಿಳಿಯುವಂತೆ ಮಾಡಿದ್ದೋ, ಓಲೆಗರಿ ಹೇಳುವುದಿಲ್ಲ. ಅದಕ್ಕಾಗಿಯೇ ಗ್ರಂಥಸಂಪಾದನೆ ಎಂಬ ಶಾಸ್ತ್ರ ಬೇಕಾಯಿತು. ಡಿ. ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಪ್ರತಿಗಳಿಗೆ ಗುರುತಿನ ಅಕ್ಷರ ಕೊಟ್ಟು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಇಟ್ಟು, ಯಾವುದು ಮೂಲಕ್ಕೆ ಹತ್ತಿರ ಎಂದು ತೂಗಿದರು. ಎಂದೋ ನಡೆದ, ಬರೆದಿಡದ ತಿದ್ದುಪಡಿಗಳ ಚರಿತ್ರೆಯನ್ನು ಉಳಿದ ಪ್ರತಿಗಳಿಂದ ಊಹಿಸುವ ಕಷ್ಟದ ಕೆಲಸ ಅದು. ನಮ್ಮ ತಾಣದಲ್ಲಿ ನಾನು ಮಾಡಿದ್ದು ಪಾಠ ಕೆಡಿಸುವ ಲಿಪಿಕಾರನ ಕೆಲಸವನ್ನೇ. ನನಗಿದ್ದ ಸೌಲಭ್ಯ ಅವನಿಗಿರಲಿಲ್ಲ. ಯಾರು, ಯಾವಾಗ, ಯಾಕೆ ಎಂದು ಬರೆದಿಡುವ ಸಾಧನ ಪುಕ್ಕಟೆಯಾಗಿ ಸಿಗುತ್ತಿದ್ದರೂ ನಾನು ಅದನ್ನು ಬಳಸಿರಲಿಲ್ಲ.

ಕೊನೆಗೆ ನಮ್ಮ ಪದಗಳು ಏನಾದವು? ಗೆಳತಿಯೊಬ್ಬಳ ಹಳೆಯ ಪೆನ್‌ಡ್ರೈವಿನಲ್ಲಿ ಒಂದಷ್ಟು ಮೂಲ ಫೈಲುಗಳು ಸಿಕ್ಕವು. ಕೆಲವನ್ನು ಧ್ವನಿಮುದ್ರಣ ಕೇಳಿ ಮತ್ತೆ ಬರೆದೆವು. ಅಜ್ಜಿಯ ಬೀಸುವ ಪದದ ಮುದ್ರಣದಲ್ಲಿ ಕಲ್ಲಿನ ಸದ್ದೇ ಹೆಚ್ಚು. ಎರಡು ಕಡೆ ಅವರು ಅಂದದ್ದೇನು ಎಂದು ಇವತ್ತಿಗೂ ನಮಗೆ ಖಚಿತವಿಲ್ಲ. ಅಲ್ಲಿ ಊಹಿಸಿ ತುಂಬದೆ ಚುಕ್ಕಿಗಳನ್ನು ಇಟ್ಟಿದ್ದೇವೆ.

ಈಗ ತಾಣದ ಬರಹಗಳೆಲ್ಲ ಸಾದಾ ಪಠ್ಯದ ಫೈಲುಗಳಾಗಿ ಗಿಟ್‌ನಲ್ಲಿವೆ. ಐವರ ಲ್ಯಾಪ್‌ಟಾಪಿನಲ್ಲೂ ಪೂರ್ತಿ ಚರಿತ್ರೆಯಿದೆ. ಧ್ವನಿಮುದ್ರಣಗಳ ಒಂದು ಪ್ರತಿ ನೆಟ್ ಸಂಪರ್ಕವಿಲ್ಲದ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಊರಿನಲ್ಲಿದೆ. ಯಾರು ಏನು ತಿದ್ದಿದರೂ ಕಾರಣವನ್ನು ಒಂದು ಸಾಲಿನಲ್ಲಿ ಕನ್ನಡದಲ್ಲೇ ಬರೆಯಬೇಕು, ಇನ್ನೊಬ್ಬರು ನೋಡಿದ ಮೇಲೆಯೇ ಅದು ತಾಣಕ್ಕೆ ಹೋಗಬೇಕು. ತಿಂಗಳ ಮೊದಲ ಶನಿವಾರ ಒಬ್ಬರ ಲ್ಯಾಪ್‌ಟಾಪಿನಲ್ಲಿ ಖಾಲಿ ಫೋಲ್ಡರ್ ತೆರೆದು, ಇಡೀ ತಾಣವನ್ನು ಪ್ರತಿಗಳಿಂದ ಮತ್ತೆ ಕಟ್ಟಿ, ಅದು ತೆರೆಯುತ್ತದೆಯೇ ಎಂದು ನೋಡುತ್ತೇವೆ. ಹೋದ ತಿಂಗಳು ತೆರೆಯಲಿಲ್ಲ. ಅಕ್ಷರಶೈಲಿಯ ಫೈಲೊಂದನ್ನು ಸೇರಿಸುವುದನ್ನೇ ಮರೆತಿದ್ದೆವು. ಸೇರಿಸಿದೆವು, ಕಾರಣ ಬರೆದೆವು, ಟೀ ಕುಡಿಯಲು ಹೋದೆವು.